‘ನನ್ನ ಮಾರಿ ಅದರಾಗ ಎಲ್ಲೈತ್ರಿ?’

ಮುಂಬಯಿಯ ಉಪನಗರವೊಂದರಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಸಮಿತಿ ಹಳೆಯ ಸಿಸಿಟಿವಿ ವ್ಯವಸ್ಥೆಯನ್ನು ಕಿತ್ತು ಹೊಸದನ್ನು ಹಾಕಿಸಲು ಹೊರಟಿದೆ. ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಅದು ಆರನೆಯ ವಿಷಯ. ಪ್ರಸ್ತಾವ ಒಂದೇ ಪುಟದ್ದು: ಈಗಿನ ಹನ್ನೆರಡು ಕ್ಯಾಮೆರಾಗಳ ಬದಲು ಇಪ್ಪತ್ತೆಂಟು, ಎಲ್ಲವೂ ಎಂಟು ಮೆಗಾಪಿಕ್ಸೆಲ್‌ನವು, ಎಲ್ಲವೂ ವೈರ್‌ಲೆಸ್, ದೃಶ್ಯಗಳು ಎಲ್ಲ ಸದಸ್ಯರ ಮೊಬೈಲಿನಲ್ಲೂ ಲಭ್ಯ. ಈ ನಾಲ್ಕು ಮಾತುಗಳಲ್ಲಿ ಒಂದನ್ನೂ ನಾನು ಒಪ್ಪುವುದಿಲ್ಲ. ಕ್ಯಾಮೆರಾವೇ ಬೇಡವೆನ್ನುವ ಪಕ್ಷದವನು ನಾನಲ್ಲ. ಬೇಕು, ಆದರೆ ತಂತಿಯಲ್ಲಿ ಬರುವಂಥದು ಬೇಕು, ಕಡಿಮೆ ಬೇಕು, ಮುಖ ಕಾಣುವಂಥದು ಬೇಕು, ಅದನ್ನು ಯಾರು ನೋಡಬಹುದೆಂಬುದು ಬರಹದಲ್ಲಿರಬೇಕು ಎನ್ನುವುದು ನನ್ನ ವಾದ.

ಸಾಹಿತ್ಯದ ಬಳಗದಲ್ಲಿ ಕ್ಯಾಮೆರಾದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮಲ್ಲಿ ಹೆಚ್ಚಿನವರು ಇಂಥ ಕಟ್ಟಡಗಳಲ್ಲೇ ಇದ್ದೇವೆ. ಇಂಥ ಸಭೆಗಳಲ್ಲಿ ಚಹಾ ಕುಡಿದು ಕೈ ಎತ್ತುವವರು ನಾವೇ. ಆ ಕೈ ಎತ್ತುವುದರ ಪರಿಣಾಮ ಯಾರ ಮೇಲಾಗುತ್ತದೆ ಎಂಬುದನ್ನು ನಾನು ಕಳೆದ ವರ್ಷ ಹತ್ತಿರದಿಂದ ಕಂಡೆ. ಅದನ್ನು ಮೊದಲು ಹೇಳುತ್ತೇನೆ.

ಮಳೆಗಾಲ ಮುಗಿದ ಹೊಸತರಲ್ಲಿ ಮೂರನೆಯ ಮಹಡಿಯ ಮನೆಯೊಂದರಿಂದ ಒಂದು ಜೊತೆ ಚಿನ್ನದ ಬಳೆ ಕಾಣೆಯಾಯಿತು. ಮನೆಯವರು ಹನ್ನೊಂದಕ್ಕೆ ಹೊರಗೆ ಹೋಗಿ ಹನ್ನೆರಡೂವರೆಗೆ ಮರಳಿದ್ದರು. ಎಳೆದುಕೊಂಡು ಹೋದ ಬಾಗಿಲಿನ ಬೀಗ ಸರಿಯಾಗಿ ಕೂತಿರಲಿಲ್ಲ. ಸಂಜೆ ಸಮಿತಿಯ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಪರದೆಯ ಮುಂದೆ ಸೇರಿದೆವು. ಮೆಟ್ಟಿಲ ಬುಡದ ಕ್ಯಾಮೆರಾದಲ್ಲಿ 11.20ಕ್ಕೆ ಮೆರೂನ್ ಬಣ್ಣದ ಸೀರೆಯುಟ್ಟ ಹೆಂಗಸೊಬ್ಬಳು ಮೇಲೆ ಹೋದದ್ದೂ 11.35ಕ್ಕೆ ಇಳಿದುಬಂದದ್ದೂ ಕಂಡಿತು. ಮುಖವಿರಬೇಕಾದ ಜಾಗದಲ್ಲಿ ಕೆಲವು ಬೂದು ಚೌಕಗಳಿದ್ದವು. ಯಾರೋ ಒಂದು ಹೆಸರು ಹೇಳಿದರು. ವಿಜಯಪುರ ಜಿಲ್ಲೆಯ ಹಳ್ಳಿಯಿಂದ ಬಂದು, ನಮ್ಮ ಕಟ್ಟಡದ ಐದು ಮನೆಗಳಲ್ಲಿ ಪಾತ್ರೆ ಬಟ್ಟೆಯ ಕೆಲಸ ಮಾಡುತ್ತಿದ್ದ ಹೆಂಗಸಿನ ಹೆಸರು ಅದು. ‘ನಡಿಗೆ ಅವಳದೇ’ ಎಂದರು ಇನ್ನೊಬ್ಬರು. ‘ಇರಬಹುದು’ ಎಂದವರಲ್ಲಿ ನಾನೂ ಒಬ್ಬ. ಆ ಮಾತನ್ನು ಇಲ್ಲಿ ಮುಚ್ಚಿಟ್ಟರೆ ಈ ಲೇಖನವನ್ನು ಬರೆಯುವ ಅಧಿಕಾರ ನನಗಿರುವುದಿಲ್ಲ.

ಪೊಲೀಸರವರೆಗೆ ಯಾರೂ ಹೋಗಲಿಲ್ಲ. ನಾಲ್ಕು ಮನೆಗಳವರು ಮರುದಿನದಿಂದ ಬರಬೇಡವೆಂದರು. ಐದನೆಯದು ನಮ್ಮ ಮನೆ. ಆಕೆ ಅಲ್ಲಿಗೆ ಬಂದಾಗ ನನಗೆ ಮುಖ ಕೊಟ್ಟು ಮಾತನಾಡಲು ಸಂಕೋಚವಾಯಿತು. ಅವಳೇ ಕೇಳಿದಳು: ‘ಸಾಹೇಬ್ರ, ಆ ಫೋಟೋದಾಗ ಇರಾಕಿ ನಾ ಅಂತ ಎಲ್ಲಾರೂ ಹೇಳ್ತಾರ. ನೀವೂ ನೋಡೀರಲ್ಲ. ನನ್ನ ಮಾರಿ ಅದರಾಗ ಎಲ್ಲೈತ್ರಿ?’

ಉತ್ತರ ನನ್ನಲ್ಲಿರಲಿಲ್ಲ. ಆದರೆ ಇಪ್ಪತ್ತು ವರ್ಷ ಸರಕಾರಿ ಕಡತಗಳ ನಡುವೆ ಬದುಕಿದವನಿಗೆ ಎರಡು ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಚಾಳಿ ಬಿಡುವುದಿಲ್ಲ. ವಾಚ್‌ಮನ್‌ನ ರಿಜಿಸ್ಟರಿನಲ್ಲಿ ಅದೇ ದಿನ ನೀರಿನ ಟ್ಯಾಂಕರ್ ಬಂದದ್ದು ಸಂಜೆ ನಾಲ್ಕಕ್ಕೆ ಎಂದಿತ್ತು. ರೆಕಾರ್ಡರಿನಲ್ಲಿ ಅದೇ ಟ್ಯಾಂಕರ್ 3.10ಕ್ಕೆ ಗೇಟು ದಾಟಿತ್ತು. ಹಿಂದಿನ ದಿನಗಳದ್ದನ್ನೂ ನೋಡಿದೆ. ಎಲ್ಲ ಕಡೆಯೂ ಐವತ್ತು ನಿಮಿಷದ ವ್ಯತ್ಯಾಸ. ರೆಕಾರ್ಡರಿನ ಒಳಗಿನ ಸಣ್ಣ ಬ್ಯಾಟರಿ ಸತ್ತು, ಗಡಿಯಾರ ಹಿಂದೆ ಬಿದ್ದು ಎಷ್ಟು ಕಾಲವಾಗಿತ್ತೋ ಯಾರೂ ಗಮನಿಸಿರಲಿಲ್ಲ. ಅಂದರೆ ಮೆರೂನ್ ಸೀರೆಯ ಹೆಂಗಸು ಮೆಟ್ಟಿಲು ಹತ್ತಿದ್ದು 12.10ಕ್ಕೆ. ಆ ಹೊತ್ತಿನಲ್ಲಿ ನಮ್ಮ ಕೆಲಸದಾಕೆ ನಮ್ಮ ಅಡುಗೆಮನೆಯಲ್ಲಿ, ನನ್ನ ಹೆಂಡತಿಯ ಕಣ್ಣೆದುರಿಗೇ ಪಾತ್ರೆ ತೊಳೆಯುತ್ತಿದ್ದಳು.

ಇದು ತಿಳಿಯುವ ಹೊತ್ತಿಗೆ ಹನ್ನೆರಡು ದಿನ ಕಳೆದಿದ್ದವು. ಸಮಿತಿ ನನ್ನ ಪತ್ರವನ್ನು ‘ಗಮನಿಸಿತು’. ಬಿಟ್ಟ ನಾಲ್ಕು ಮನೆಗಳು ಬೇರೆಯವರನ್ನು ಇಟ್ಟುಕೊಂಡಿದ್ದವು. ಬಳೆ ಸಿಕ್ಕಲಿಲ್ಲ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಎಂ.ಎ. ತರಗತಿಯಲ್ಲಿ ಒಥೆಲೋ ನಾಟಕವನ್ನು ಓದುವಾಗಲೂ ಮೇಷ್ಟ್ರು ಇದನ್ನೇ ಬೇರೆ ಬಗೆಯಲ್ಲಿ ಹೇಳಿದ್ದರು: ಕಣ್ಣಿಗೆ ಕಾಣುವ ಸಾಕ್ಷ್ಯ ಬೇಕೆಂದು ಹಟ ಹಿಡಿದವನಿಗೆ ಕೊನೆಗೆ ಕಂಡದ್ದು ಇನ್ನೊಬ್ಬನ ಕೈಯಲ್ಲಿದ್ದ ಒಂದು ಕರವಸ್ತ್ರ, ಉಳಿದುದನ್ನೆಲ್ಲ ಅವನ ಅನುಮಾನ ಪೂರೈಸಿತು. ನಮ್ಮ ಸಮಿತಿಯ ಕೋಣೆಯಲ್ಲಿ ಕರವಸ್ತ್ರದ ಬದಲು ಸೀರೆಯಿತ್ತು. ಮಸುಕು ಚಿತ್ರ ತಾನಾಗಿ ಏನನ್ನೂ ಹೇಳುವುದಿಲ್ಲ. ನೋಡುವವರು ಮೊದಲೇ ನಂಬಿದ್ದನ್ನು ಅದರ ಬಾಯಲ್ಲಿ ಹೇಳಿಸುತ್ತಾರೆ. ಬಡವರ ವಿಷಯದಲ್ಲಿ ನಾವು ಮೊದಲೇ ನಂಬಿರುವುದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪ್ರಸ್ತಾವಕ್ಕೆ ಬರುತ್ತೇನೆ. ಕೇಂದ್ರ ಸರಕಾರದ ಖರೀದಿಗಳಿಗೆ ಆಧಾರವಾದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 144ನೆಯದು ಒಂದು ಸರಳ ಮಾತನ್ನು ಹೇಳುತ್ತದೆ: ಕೊಳ್ಳುವ ವಸ್ತುವಿನ ಗುಣಲಕ್ಷಣಗಳನ್ನು ನಿಮ್ಮ ನಿಜವಾದ ಅಗತ್ಯಕ್ಕೆ ತಕ್ಕಂತೆ ಸ್ಪಷ್ಟವಾಗಿ ಬರೆಯಿರಿ, ಅನಾವಶ್ಯಕ ವೈಶಿಷ್ಟ್ಯಗಳನ್ನು ಸೇರಿಸಿ ವೆಚ್ಚ ಹೆಚ್ಚಿಸಬೇಡಿ. ನಮ್ಮ ಸಮಿತಿಯ ಪುಟದಲ್ಲಿ ಕ್ಯಾಮೆರಾದ ಸಂಖ್ಯೆಯಿದೆ, ಬೆಲೆಯಿದೆ; ಯಾವ ಕ್ಯಾಮೆರಾ ಎಷ್ಟು ದೂರದಲ್ಲಿ ಏನನ್ನು ತೋರಿಸಬೇಕು ಎಂಬ ಒಂದು ವಾಕ್ಯವಿಲ್ಲ. ಲ್ಯಾಮಿಂಗ್ಟನ್ ರಸ್ತೆಯ ವ್ಯಾಪಾರಿಗೆ ಇಂಥ ಗಿರಾಕಿಗಿಂತ ಪ್ರಿಯರಾದವರಿಲ್ಲ.

‘ಏನನ್ನು ತೋರಿಸಬೇಕು’ ಎಂಬುದಕ್ಕೆ ಅಳತೆಯೂ ಇದೆ. ಐಇಸಿ 62676-4 ಎಂಬ ಅಂತಾರಾಷ್ಟ್ರೀಯ ಮಾನಕದ 2014ರ ಆವೃತ್ತಿ ಚಿತ್ರದ ಚುಕ್ಕೆಗಳನ್ನು, ಅಂದರೆ ಪಿಕ್ಸೆಲ್‌ಗಳನ್ನು, ಮೀಟರಿನ ಲೆಕ್ಕದಲ್ಲಿ ಕೇಳುತ್ತಿತ್ತು. ಅಲ್ಲೊಬ್ಬ ಮನುಷ್ಯನಿದ್ದಾನೆ ಎಂದು ತಿಳಿಯಲು ಮೀಟರಿಗೆ 25 ಚುಕ್ಕೆ ಸಾಕು. ಪರಿಚಿತನನ್ನು ಗುರುತು ಹಿಡಿಯಲು 125 ಬೇಕು. ಅಪರಿಚಿತನೊಬ್ಬ ಇವನೇ ಎಂದು ಸಂಶಯವಿಲ್ಲದೆ ಹೇಳಲು 250 ಬೇಕು. ನಮ್ಮ ಹಳೆಯ ರೆಕಾರ್ಡರು ಡಿಸ್ಕ್ ಉಳಿಸಲೆಂದು 352 ಚುಕ್ಕೆ ಅಗಲದ ಚಿತ್ರವನ್ನು ಮುದ್ರಿಸುತ್ತಿತ್ತು. ಮೆಟ್ಟಿಲ ಬುಡದ ಕ್ಯಾಮೆರಾ ನೋಡುತ್ತಿದ್ದುದು ಆರು ಮೀಟರ್ ಅಗಲ. ಭಾಗಿಸಿದರೆ ಮೀಟರಿಗೆ ಸುಮಾರು 59; ಹದಿನಾರು ಸೆಂಟಿಮೀಟರ್ ಅಗಲದ ಒಂದು ಮುಖಕ್ಕೆ ಒಂಬತ್ತು ಚುಕ್ಕೆ. ಒಂಬತ್ತು ಚುಕ್ಕೆಗಳ ಆಧಾರದಿಂದ ನಾವು ಒಬ್ಬಳ ನಾಲ್ಕು ಮನೆಗಳ ಅನ್ನ ಕಿತ್ತುಕೊಂಡೆವು.

ಹಾಗಾದರೆ ಎಂಟು ಮೆಗಾಪಿಕ್ಸೆಲ್ ಒಳ್ಳೆಯದೇ ಅಲ್ಲವೆ ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ. ಲೆಕ್ಕ ಹಾಕೋಣ. ಪ್ರಸ್ತಾವದ ಕ್ಯಾಮೆರಾಗಳೆಲ್ಲ 2.8 ಮಿಲಿಮೀಟರ್ ಲೆನ್ಸಿನವು. ಎಲ್ಲವನ್ನೂ ಒಮ್ಮೆಗೇ ನೋಡುವ ಅಗಲಗಣ್ಣಿನವು. ಹತ್ತು ಮೀಟರ್ ದೂರದ ಗೇಟಿನಲ್ಲಿ ಅಂಥ ಲೆನ್ಸು ಸುಮಾರು ಇಪ್ಪತ್ತು ಮೀಟರ್ ಅಗಲವನ್ನು ತುಂಬಿಕೊಳ್ಳುತ್ತದೆ. ಎಂಟು ಮೆಗಾಪಿಕ್ಸೆಲ್ ಚಿತ್ರದ ಅಗಲ 3840 ಚುಕ್ಕೆ, ಮೀಟರಿಗೆ 192. ಅದೇ ಜಾಗದಲ್ಲಿ ಎರಡು ಮೆಗಾಪಿಕ್ಸೆಲ್‌ನ ಸಾಧಾರಣ ಕ್ಯಾಮೆರಾಕ್ಕೆ 12 ಮಿಲಿಮೀಟರ್ ಲೆನ್ಸು ಹಾಕಿದರೆ ಅದು ಗೇಟಿನ ಐದು ಮೀಟರ್ ಅಗಲವನ್ನಷ್ಟೇ ನೋಡುತ್ತದೆ. 1920 ಚುಕ್ಕೆಯನ್ನು ಐದರಿಂದ ಭಾಗಿಸಿದರೆ ಮೀಟರಿಗೆ 384. ಅಗ್ಗದ ಕ್ಯಾಮೆರಾ ಮುಖವನ್ನು ತೋರಿಸುತ್ತದೆ, ದುಬಾರಿ ಕ್ಯಾಮೆರಾ ಗೇಟಿನ ಜೊತೆಗೆ ಎದುರಿನ ಪಾನ್ ಅಂಗಡಿಯನ್ನೂ ಆಲದ ಮರವನ್ನೂ ತೋರಿಸುತ್ತದೆ. ರಾತ್ರಿಯಂತೂ ಅಷ್ಟೇ ಗಾತ್ರದ ಸೆನ್ಸರನ್ನು ಎಂಬತ್ತು ಲಕ್ಷ ಚುಕ್ಕೆಗಳಿಗೆ ಹಂಚಿದರೆ ಒಂದೊಂದಕ್ಕೂ ದಕ್ಕುವ ಬೆಳಕು ಕಡಿಮೆಯಾಗುತ್ತದೆ. ಹಗಲಿನಲ್ಲಿ ಬಾಗಿಲಿನ ಹಿಂದಿನಿಂದ ಬಿಸಿಲು ಬೀಳುವ ಕಡೆ ಮುಖ ಕಪ್ಪಾಗದಂತೆ ಸರಿತೂಗಿಸುವ ಡಬ್ಲ್ಯುಡಿಆರ್ ಬೇಕು. ಅದು ಪ್ರಸ್ತಾವದಲ್ಲಿ ಎಲ್ಲೂ ಇಲ್ಲ. ಮೆಗಾಪಿಕ್ಸೆಲ್ ಎನ್ನುವುದು ಸೀರೆಯ ಉದ್ದ ಮಾತ್ರ. ನೇಯ್ಗೆಯನ್ನು ಕೈಯಲ್ಲಿ ಹಿಡಿದು ನೋಡಬೇಕು.

ಇನ್ನು ತಂತಿಯ ವಿಷಯ. ತಂತಿ ಹಳೆಯ ಕಾಲದ್ದು, ವೈರ್‌ಲೆಸ್ ಹೊಸ ಕಾಲದ್ದು ಎಂಬ ಭಾವನೆ ನಮ್ಮ ಸಭೆಯಲ್ಲಿ ಗಟ್ಟಿಯಾಗಿದೆ. ವೈರ್‌ಲೆಸ್ ಕ್ಯಾಮೆರಾಕ್ಕೂ ವಿದ್ಯುತ್ತಿನ ತಂತಿ ಬೇಕೇ ಬೇಕು. ಬ್ಯಾಟರಿಯಿಂದ ನಡೆಯುವವು ಸಾಮಾನ್ಯವಾಗಿ ಚಲನೆ ಕಂಡಾಗ ಮಾತ್ರ ಎಚ್ಚರಗೊಂಡು ಒಂದು ತುಣುಕನ್ನು ಹಿಡಿದು ಮತ್ತೆ ಮಲಗುತ್ತವೆ. ಒಂದೊಂದು ಕ್ಯಾಮೆರಾ ಸೆಕೆಂಡಿಗೆ ಎಂಟು ಮೆಗಾಬಿಟ್ ಕಳಿಸಿದರೂ ಇಪ್ಪತ್ತೆಂಟು ಕ್ಯಾಮೆರಾಗಳಿಂದ ಹಗಲಿರುಳು 224 ಮೆಗಾಬಿಟ್ ಗಾಳಿಯಲ್ಲಿ ಹರಿಯಬೇಕು; ಅದೂ ಅರುವತ್ತು ಮನೆಗಳ ಅರುವತ್ತು ವೈಫೈ ಪೆಟ್ಟಿಗೆಗಳು ಕೂಗಾಡುವ ಕಡೆ, ಕಾಂಕ್ರೀಟಿನ ಗೋಡೆಗಳನ್ನು ದಾಟಿ. ಸಂಕೇತವನ್ನು ಕೆಡಿಸಿ ಅಂಥ ಕ್ಯಾಮೆರಾವನ್ನು ಕುರುಡು ಮಾಡುವ ಕಳ್ಳನಿಗೆ ಏಣಿಯೂ ಬೇಕಾಗಿಲ್ಲ.

ತಂತಿ ಈಗಾಗಲೇ ನಮ್ಮ ಗೋಡೆಯಲ್ಲಿದೆ ಎನ್ನುವುದನ್ನಂತೂ ಎಲ್ಲರೂ ಮರೆತಿದ್ದಾರೆ. 2011ರಲ್ಲಿ ಪೈಪಿನೊಳಗೆ ಎಳೆದ ಕೋಆಕ್ಸಿಯಲ್ ಕೇಬಲ್ಲಿನಲ್ಲೇ ಇಂದು ಎಚ್‌ಡಿ-ಟಿವಿಐ, ಎಚ್‌ಡಿ-ಸಿವಿಐ, ಎಎಚ್‌ಡಿ ಎಂಬ ಪದ್ಧತಿಗಳು ಎರಡು ಮೆಗಾಪಿಕ್ಸೆಲ್ ಚಿತ್ರವನ್ನು ನೂರಾರು ಮೀಟರ್ ಒಯ್ಯುತ್ತವೆ. ಕ್ಯಾಮೆರಾವನ್ನೂ ರೆಕಾರ್ಡರನ್ನೂ ಬದಲಿಸಿದರೆ ಸಾಕು, ಗೋಡೆ ಕೊರೆಯಬೇಕಾಗಿಲ್ಲ. ಕೆಟ್ಟಿರುವುದು ಹೆಚ್ಚಾಗಿ ಕೇಬಲ್ಲಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿದ ತುದಿಯ ಬಿಎನ್‌ಸಿ ಕನೆಕ್ಟರುಗಳು, ಮಳೆನೀರು ಹೊಕ್ಕ ಜೋಡಣೆಗಳು. ನಮ್ಮ ಪಾರ್ಕಿಂಗಿನ ಕ್ಯಾಮೆರಾ ಹಗಲು ಸರಿಯಿದ್ದು ರಾತ್ರಿ ಸಾಯುವುದಕ್ಕೂ ದೆವ್ವದ ಕಾಟ ಕಾರಣವಲ್ಲ: ಕತ್ತಲಾದಾಗ ಅದರ ಅತಿಗೆಂಪು ದೀಪಗಳು ಹೊತ್ತಿಕೊಂಡು ಹೆಚ್ಚು ವಿದ್ಯುತ್ ಕೇಳುತ್ತವೆ, ಉದ್ದದ ತೆಳು ತಂತಿಯಲ್ಲಿ ಹನ್ನೆರಡು ವೋಲ್ಟು ಸೋರಿ ಸೋರಿ ತುದಿಗೆ ತಲುಪುವಾಗ ಸಾಲದಾಗುತ್ತದೆ. ಅದನ್ನು ವೋಲ್ಟ್‌ಮೀಟರ್ ಹಿಡಿದು ನೋಡದೆ ಇಡೀ ವ್ಯವಸ್ಥೆಯನ್ನು ಗುಜರಿಗೆ ಹಾಕುವುದು, ಮೂಗಿಗೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಂತೆ.

ಮುಖ ಕಾಣಲೇಬೇಕಾದ ಕಡೆ, ಗೇಟಿನಲ್ಲಿ ಎರಡು ಮತ್ತು ಎರಡೂ ವಿಂಗ್‌ಗಳ ಪ್ರವೇಶದಲ್ಲಿ ಒಂದೊಂದು, ಹೊಸದಾಗಿ ಕ್ಯಾಟ್-6 ಕೇಬಲ್ ಎಳೆದು ಐಪಿ ಕ್ಯಾಮೆರಾ ಹಾಕೋಣ. ಪವರ್ ಓವರ್ ಈಥರ್‌ನೆಟ್ ಪದ್ಧತಿಯಲ್ಲಿ ಒಂದೇ ಕೇಬಲ್ ಚಿತ್ರವನ್ನೂ ವಿದ್ಯುತ್ತನ್ನೂ ಒಯ್ಯುತ್ತದೆ. ಸಮಿತಿಯ ಕೋಣೆಯಲ್ಲಿ ಒಂದು ಯುಪಿಎಸ್ ಇಟ್ಟರೆ ಬೆಳಕು ಹೋದರೂ ಆ ಕಣ್ಣುಗಳು ಮುಚ್ಚುವುದಿಲ್ಲ. ಅದರ ಮಿತಿ ನೂರು ಮೀಟರ್. ನಮ್ಮ ಗೇಟು ಅದರ ಅರ್ಧ ದೂರದಲ್ಲೂ ಇಲ್ಲ. ಒಂದೇ ಎಚ್ಚರ: ಕೇಬಲ್ ಶುದ್ಧ ತಾಮ್ರದ್ದಿರಬೇಕು. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟದ್ದನ್ನು ಅಗ್ಗವಾಗಿ ಮಾರುವವರಿದ್ದಾರೆ. ಅದರಲ್ಲಿ ಹಳೆಯ ಕಾಯಿಲೆಯೇ ಮರುಕಳಿಸುತ್ತದೆ. ಉಳಿದ ಆರು, ಅಂದರೆ ಲಿಫ್ಟಿನಲ್ಲಿ ಎರಡು, ಪಾರ್ಕಿಂಗಿನಲ್ಲಿ ಮೂರು, ಪಂಪ್‌ಹೌಸಿನಲ್ಲಿ ಒಂದು, ಹಳೆಯ ಕೋಆಕ್ಸಿಯಲ್ ಮೇಲೆಯೇ ಇರಲಿ. ಎರಡೂ ಬಗೆಯವನ್ನು ಒಟ್ಟಿಗೆ ಸ್ವೀಕರಿಸುವ ಹೈಬ್ರಿಡ್ ರೆಕಾರ್ಡರುಗಳು ಮಾರುಕಟ್ಟೆಯಲ್ಲಿವೆ. ಒಟ್ಟು ಹತ್ತು.

ಹತ್ತಾದರೆ ಮುದ್ರಿಸಿಡುವ ಲೆಕ್ಕವೂ ಕೈಗೆಟುಕುತ್ತದೆ. ಒಂದು ಕ್ಯಾಮೆರಾ ಸೆಕೆಂಡಿಗೆ ನಾಲ್ಕು ಮೆಗಾಬಿಟ್‌ನಂತೆ ದಿನಕ್ಕೆ ಸುಮಾರು 43 ಗಿಗಾಬೈಟ್ ತುಂಬುತ್ತದೆ, ಹತ್ತಕ್ಕೆ ಮೂವತ್ತು ದಿನಕ್ಕೆ 13 ಟೆರಾಬೈಟ್, ಎಚ್.265 ಸಂಕೋಚನದಿಂದ ಅದು ಅರ್ಧಕ್ಕೆ ಇಳಿದರೆ ಎಂಟು ಟೆರಾಬೈಟಿನ ಒಂದು ಡಿಸ್ಕು ಸಾಕು. ಇಪ್ಪತ್ತೆಂಟು ದೊಡ್ಡ ಕ್ಯಾಮೆರಾಗಳು ದಿನವೊಂದಕ್ಕೇ ಎರಡು ಟೆರಾಬೈಟಿಗೂ ಹೆಚ್ಚು ನುಂಗುತ್ತವೆ. ಆಗ ಸಮಿತಿ ಮಾಡುವುದೇನು? ಹಿಂದೆ ಮಾಡಿದ್ದನ್ನೇ: ಗುಣಮಟ್ಟ ಇಳಿಸಿ, ದಿನಗಳನ್ನು ಕಡಿಮೆ ಮಾಡಿ, ಒಂಬತ್ತು ಚುಕ್ಕೆಗಳಿಗೆ ಮರಳುವುದು. ರೆಕಾರ್ಡರಿನ ಗಡಿಯಾರ ಎನ್‌ಟಿಪಿ ಮೂಲಕ ತಾನಾಗಿ ಸರಿಹೊಂದಬೇಕು. ತಿಂಗಳಿಗೊಮ್ಮೆ ಯಾರಾದರೂ ಅದನ್ನು ಕೈಗಡಿಯಾರದೊಡನೆ ಹೋಲಿಸಿ ಸಹಿ ಹಾಕಬೇಕು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ಪ್ರಸ್ತಾವದಲ್ಲಿ ಸೇರಿಲ್ಲವೋ ಏನೋ.

ನ್ಯಾಯಾಲಯದಲ್ಲಿ ದೃಶ್ಯ ನಿಲ್ಲಬೇಕಾದರೂ ಹೀಗೆಯೇ ಕಟ್ಟುನಿಟ್ಟು ಬೇಕು. ಮಹಾರಾಷ್ಟ್ರದ ಜಾಲ್ನಾದ ಚುನಾವಣಾ ವ್ಯಾಜ್ಯದಿಂದ ಹುಟ್ಟಿದ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಜಗಳವಿದ್ದದ್ದೇ ಚುನಾವಣಾಧಿಕಾರಿಯ ಕಚೇರಿಯ ವಿಡಿಯೋ ಬಗ್ಗೆ. ವಿದ್ಯುನ್ಮಾನ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟು 2020ರ ಜುಲೈಯಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಆ ಪ್ರಮಾಣಪತ್ರವನ್ನು ಉಳಿಸಿಕೊಂಡು, ಕಡತ ತಿದ್ದುಪಡಿಯಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ಕೇಳುತ್ತದೆ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸಾಪಿಗೆ ಹಾಕುವುದು ಸಾಕ್ಷ್ಯವಲ್ಲ. ಅದು ಬರಿಯ ಚಾಡಿ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ‘ಎಲ್ಲ ಸದಸ್ಯರ ಮೊಬೈಲಿನಲ್ಲೂ ಲಭ್ಯ’. ಯಾರ ಮಗಳು ಎಷ್ಟು ಹೊತ್ತಿಗೆ ಬಂದಳು, ಯಾರ ಮನೆಗೆ ಯಾರು ಬಂದರು, ಲಿಫ್ಟಿನಲ್ಲಿ ಯಾರು ಅತ್ತರು ಎಂಬುದನ್ನು ಅರುವತ್ತು ಮನೆಗಳು ಕೂತಲ್ಲೇ ನೋಡುವುದನ್ನು ಭದ್ರತೆ ಎನ್ನುವುದಾದರೆ ಕಿಂಡಿಯಲ್ಲಿ ಇಣುಕುವುದಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ, ಎಂಬತ್ತು ದಾಟಿದ ಮೇಲೆ ಅವರು ಆ ಮೊಕದ್ದಮೆ ಹೂಡಿದರು. ಆ ತೀರ್ಪು ಸರಕಾರವನ್ನು ಕುರಿತದ್ದು, ಸೊಸೈಟಿಯನ್ನಲ್ಲ ಎಂದು ವಕೀಲ ಮಿತ್ರರು ತಿದ್ದಬಹುದು. ಸರಕಾರಕ್ಕೂ ಸಲ್ಲದ ಕುತೂಹಲ ನಮಗೆ ಸಲ್ಲುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ವ್ಯಕ್ತಿಯೊಬ್ಬ ತನ್ನ ಸ್ವಂತದ ಅಥವಾ ಮನೆಯ ಕೆಲಸಕ್ಕೆ ಬಳಸುವ ಮಾಹಿತಿಯನ್ನು ಹೊರಗಿಟ್ಟಿದೆ. ನೋಂದಾಯಿತ ಸಹಕಾರಿ ಸಂಘ ಆ ಬೆಚ್ಚನೆಯ ಕಂಬಳಿಯೊಳಗೆ ನುಸುಳುವುದು ಕಷ್ಟ.

ಅಪಾಯ ಹೊರಗಿನಿಂದಲೂ ಇದೆ. 2016ರ ಅಕ್ಟೋಬರಿನಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಅಂತರ್ಜಾಲಕ್ಕೆ ತೆರೆದಿಟ್ಟ ಕ್ಯಾಮೆರಾ, ರೆಕಾರ್ಡರುಗಳನ್ನೇ ಸೇನೆಯಾಗಿ ಕಟ್ಟಿಕೊಂಡು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳನ್ನು ಗಂಟೆಗಟ್ಟಲೆ ಕೆಡವಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ನಮ್ಮ ಸರಕಾರ 2024ರ ಏಪ್ರಿಲಿನ ಅಧಿಸೂಚನೆಯ ಮೂಲಕ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಆ ಪರೀಕ್ಷೆ ಪಾಸಾದ ಮಾದರಿಯೇ ಎಂದು ವ್ಯಾಪಾರಿಯನ್ನು ಕೇಳಿ, ದಾಖಲೆ ತೋರಿಸೆನ್ನಿ. ದೃಶ್ಯ ಕಟ್ಟಡದ ಒಳಗಿನ ಡಿಸ್ಕಿನಲ್ಲೇ ಇರಲಿ. ಪಾಸ್‌ವರ್ಡು ಹಾಕಿಕೊಟ್ಟವನ ಬಳಿ ಉಳಿಯದಿರಲಿ.

ಕ್ಯಾಮೆರಾ ಹೇಗೆ ಕೊಳ್ಳಬೇಕೆಂಬುದಕ್ಕೆ ಒಳ್ಳೆಯ ಮಾದರಿ ಬೇಕಿದ್ದರೆ ಪೊಲೀಸ್ ಠಾಣೆಗಳ ಕುರಿತು ಸುಪ್ರೀಂ ಕೋರ್ಟು 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಕೊಟ್ಟ ಆದೇಶವನ್ನು ಓದಿ. ಎಲ್ಲೆಲ್ಲಿ ಇರಬೇಕು, ಕತ್ತಲಲ್ಲಿ ಕಾಣಬೇಕು, ಧ್ವನಿ ಹಿಡಿಯಬೇಕು, ಹದಿನೆಂಟು ತಿಂಗಳು, ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಅಗತ್ಯವನ್ನು ಬರೆದು ಕೊಟ್ಟಿದೆ. ಅಲ್ಲಿ ಕ್ಯಾಮೆರಾ ತಿರುಗಿರುವುದು ಅಧಿಕಾರವಿದ್ದವರ ಕಡೆಗೆ, ಅದರ ಕೈಗೆ ಸಿಕ್ಕವರನ್ನು ಕಾಯಲು. ನಮ್ಮ ಪ್ರಸ್ತಾವದ ಹೆಚ್ಚುವರಿ ಕ್ಯಾಮೆರಾಗಳು ತಿರುಗಿರುವುದು ಮನೆಬಾಗಿಲುಗಳ ಮುಂದಿನ ಓಣಿಗಳಿಗೆ, ಅಂದರೆ ಕೆಲಸದವರು ನಡೆದಾಡುವ ದಾರಿಗೆ.

‘ಹೆಚ್ಚು ಕ್ಯಾಮೆರಾ ಇದ್ದರೆ ಕಳ್ಳರು ಹೆದರುತ್ತಾರೆ’ ಎನ್ನುವವರಿಗೆ ಒಂದು ಮಾತು. ನಮ್ಮ ಹನ್ನೆರಡು ಕ್ಯಾಮೆರಾಗಳಿಗೆ ಯಾರೂ ಹೆದರಲಿಲ್ಲ. ಹೆದರಿದ್ದು ಕಳ್ಳತನ ಮಾಡದ ಒಬ್ಬ ಹೆಂಗಸು. ‘ಬಡ್ಡಿ ಬರುವ ದುಡ್ಡಿದೆ, ಖರ್ಚು ಮಾಡಿದರೇನು’ ಎನ್ನುವವರಿಗೆ ಇನ್ನೊಂದು: ಉಳಿದ ಹಣದಲ್ಲಿ ಬಾಗಿಲುಗಳ ಬೀಗ ಸರಿಪಡಿಸಿ, ಮೆಟ್ಟಿಲಿಗೆ ದೀಪ ಹಾಕಿಸಿ, ರಾತ್ರಿಯ ವಾಚ್‌ಮನ್‌ಗೆ ಕೂರಲು ಒಳ್ಳೆಯ ಕುರ್ಚಿ ಕೊಡಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಇದು ಅಗ್ಗ.

ಆದ್ದರಿಂದ ನಾನು ಮಹಾಸಭೆಯಲ್ಲಿ ಮಂಡಿಸುವ ತಿದ್ದುಪಡಿ ಹೀಗಿದೆ. ಹತ್ತು ಕ್ಯಾಮೆರಾ, ಎಲ್ಲವೂ ತಂತಿಯವು. ಪ್ರತಿಯೊಂದರ ಎದುರು ಅದು ತೋರಿಸಬೇಕಾದ್ದು, ದೂರ, ಲೆನ್ಸು, ಮೀಟರಿಗೆ ಚುಕ್ಕೆಗಳ ಲೆಕ್ಕ. ಕೊಳ್ಳುವ ಮುನ್ನ ವ್ಯಾಪಾರಿ ಒಂದು ಕ್ಯಾಮೆರಾವನ್ನು ಗೇಟಿನಲ್ಲಿ ಕಟ್ಟಿ, ರಾತ್ರಿ ಹತ್ತಕ್ಕೆ ಒಬ್ಬ ಸದಸ್ಯ ನಡೆದು ಬಂದದ್ದನ್ನು ಮುದ್ರಿಸಿ ತೋರಿಸಬೇಕು. ಮುಖ ಕಂಡರೆ ಹಣ. ಮೂವತ್ತು ದಿನದ ಸಂಗ್ರಹ. ದೃಶ್ಯ ನೋಡಲು ಲಿಖಿತ ಅರ್ಜಿ, ಇಬ್ಬರ ಸಮಕ್ಷಮ, ರಿಜಿಸ್ಟರಿನಲ್ಲಿ ನಮೂದು. ಆರೋಪ ಹೊತ್ತವರಿಗೆ, ಅವರು ಸದಸ್ಯರಾಗಿರಲಿ ಕೆಲಸದವರಾಗಿರಲಿ, ಅದೇ ದೃಶ್ಯವನ್ನು ಕೂತು ನೋಡುವ ಹಕ್ಕು. ಈ ಕೊನೆಯ ನಿಯಮ ಕಳೆದ ವರ್ಷ ಇದ್ದಿದ್ದರೆ ಆಕೆ ಸಮಿತಿಯ ಕೋಣೆಗೆ ಬಂದು ನನ್ನನ್ನು ಕೇಳಿದ ಪ್ರಶ್ನೆಯನ್ನು ಎಲ್ಲರೆದುರು ಕೇಳಬಹುದಿತ್ತು.

ತಿದ್ದುಪಡಿಯ ಹನ್ನೊಂದನೆಯ ಸಾಲು ಕ್ಯಾಮೆರಾಕ್ಕೆ ಸಂಬಂಧಿಸಿದ್ದಲ್ಲ. ಸಮಿತಿ ಆಕೆಗೆ ಒಂದು ಪತ್ರ ಬರೆಯಬೇಕು. ರೆಕಾರ್ಡರಿನ ಗಡಿಯಾರ ತಪ್ಪಿತ್ತು, ನಾವೂ ತಪ್ಪಿದೆವು ಎಂದು. ಕನ್ನಡದಲ್ಲೊಂದು ಪ್ರತಿಯನ್ನು ನಾನೇ ಬರೆದುಕೊಡುತ್ತೇನೆ. ಅವಳ ಮಗ ಓದಿ ಹೇಳುತ್ತಾನೆ. ಇದಕ್ಕೆ ಎಷ್ಟು ಕೈಗಳು ಏಳುತ್ತವೆಯೋ ತಿಳಿಯದು. ಕೋರಂ ಇಲ್ಲವೆಂದು ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಇದ್ದ ಹದಿನೈದು ಜನರಲ್ಲೇ ಮುಗಿಸುವುದು ನಮ್ಮ ರೂಢಿ. ನಿಮ್ಮ ಕಟ್ಟಡದಲ್ಲೂ ಅದೇ ರೂಢಿಯಿದ್ದರೆ, ಮುಂದಿನ ಸಲ ಆ ಹದಿನೈದರಲ್ಲಿ ನೀವೊಬ್ಬರಿರಿ. ಕೈಯಲ್ಲಿ ಒಂದು ಅಳತೆಯ ಟೇಪು ಇರಲಿ.